ಸರ್ವರ್ ಡೌನ್ ಆದಾಗ ಅಕ್ಕನ ಮಾತ್ರೆ

ಅಕ್ಕನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ದಿನವೂ ತಪ್ಪದೆ ಮಾತ್ರೆ ನುಂಗಿದರೆ ಅವಳಷ್ಟು ಗಟ್ಟಿ ಹೆಂಗಸು ನಮ್ಮೂರು ಬುಕ್ಕಾಂಬುಧಿಯಲ್ಲೇ ಇಲ್ಲ. ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ಹೊಲಿಗೆ ಮಿಷನ್ ಇಟ್ಟುಕೊಂಡು, ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು.

ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗಾಗುವಷ್ಟು ಮಾತ್ರ ಮಾತ್ರೆ ಕೊಡುತ್ತಾರೆ. ಮುಂಚೆಯೇ ಹೋದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಹೋದ ಬೇಸಿಗೆಯಲ್ಲಿ ಒಮ್ಮೆ, ಮಾತ್ರೆ ಮುಗಿದ ದಿನವೇ ಅಕ್ಕನೂ ನಾನೂ ಹೋದೆವು. ಔಷಧಿ ಕೊಡುವ ಕಿಟಕಿಯ ಹಿಂದೆ ಕೂತವನು ತಲೆಯೆತ್ತದೆ ಹೇಳಿದ, "ಸರ್ವರ್ ಡೌನು. ನಾಳೆ ಬನ್ನಿ."

ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಆ ಮಾತ್ರೆಯ ಡಬ್ಬಿಗಳು ಕಾಣುತ್ತಿದ್ದವು.

"ಅಲ್ಲೇ ಅದಾವಲ್ಲ ಸಾರ್, ಒಂದು ಪಟ್ಟಿನಾದ್ರೂ ಕೊಡಿ," ಎಂದೆ.

"ಎಂಟ್ರಿ ಇಲ್ದೆ ಕೊಟ್ರೆ ನನ್ ಕೆಲ್ಸ ಹೋಗುತ್ತೆ ಕಣ್ರೀ."

ಡಾಕ್ಟರ ಹತ್ತಿರ ಹೋದರೆ, ಕೈಯಲ್ಲಿ ಚೀಟಿ ಬರೆಯುವ ಹಾಗಿಲ್ಲ ಎಂದರು. ಅಲ್ಲಿಂದ ತರೀಕೆರೆಗೆ ಹೋಗಿ ಔಷಧಿ ಅಂಗಡಿಗಳಲ್ಲಿ ಕೇಳಿದೆ. ಚೀಟಿಯಿಲ್ಲದೆ ಕೊಡುವ ಮಾತ್ರೆ ಅದಲ್ಲವಂತೆ. ಚೀಟಿಯೋ, ಕೆಟ್ಟು ಕೂತ ಆ ಕಂಪ್ಯೂಟರಿನ ಹೊಟ್ಟೆಯೊಳಗೆ!

ಮಾರನೆಯ ದಿನ ನಾನೊಬ್ಬನೇ ಆಸ್ಪತ್ರೆಗೆ ಹೋಗಿ ಬರಿಗೈಲಿ ಬಂದೆ. "ಬಿಡೋ, ಒಂದೆರಡು ದಿನಕ್ಕೆ ಏನಾಗಲ್ಲ," ಎಂದಳು ಅಕ್ಕ. ಹೇಳುವಾಗ ಅವಳ ಮುಖದಲ್ಲಿದ್ದ ಹೆದರಿಕೆ ನನಗೆ ಕಂಡಿತು.

ಅದರ ಮರುದಿನ ಬೆಳಿಗ್ಗೆ ರೊಟ್ಟಿ ಬೇಯಿಸುತ್ತಿದ್ದವಳು ಒಲೆಯ ಮೇಲೆಯೇ ಬಿದ್ದಳು. ನನ್ನ ಹೆಂಡತಿ ಕೂಗಿಕೊಂಡಳೆಂದು ಓಡಿ ಬಂದರೆ, ಅಕ್ಕನ ಬಲಗೈ ಕೆಂಡದೊಳಗಿತ್ತು. ಮೈ ಸೆಟೆದುಕೊಂಡು ಅದುರುತ್ತಿತ್ತು. ಎಳೆದು ಈಚೆಗೆ ಹಾಕುವಷ್ಟರಲ್ಲಿ ಬೆರಳುಗಳ ಚರ್ಮ ಸುಲಿದುಹೋಗಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಅದೇ ಆಸ್ಪತ್ರೆಗೆ ಒಯ್ದೆವು. ಸರ್ವರ್ ಆಗಲೂ ಬಂದಿರಲಿಲ್ಲ. ಆದರೂ ಅವತ್ತು ಡಾಕ್ಟರಿಗೆ ಪೆನ್ನು ಸಿಕ್ಕಿತು. ಬಿಳಿಹಾಳೆಯೊಂದರ ಮೇಲೆ ಬರೆದರು. ಕಿಟಕಿಯವನು ಓದಿಯೂ ನೋಡದೆ ಕಪಾಟಿಗೆ ಕೈಹಾಕಿ ಮಾತ್ರೆ ತೆಗೆದುಕೊಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು.

"ಇವತ್ತು ಹೆಂಗ್ ಬಂತ್ರೀ ಇದು? ಮೊನ್ನೆ ಯಾಕ್ ಬರ್ಲಿಲ್ಲ?"

"ಮೊನ್ನೆ ಎಮರ್ಜೆನ್ಸಿ ಇರ್ಲಿಲ್ವಲ್ಲ."

"ಅಂದ್ರೆ ಕೈ ಸುಟ್ಕೊಂಡ್ ಬರ್ಬೇಕಿತ್ತಾ ನಾವು?" ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದೆ. ಕಾವಲಿನವನು ಬಂದು ರಟ್ಟೆ ಹಿಡಿದ. ಕೊಡವಿದೆ. ಅವನೂ ಮತ್ತೆ ಮುಟ್ಟಲಿಲ್ಲ. ಡಾಕ್ಟರು ಹೊರಬಂದು, "ಸಮಾಧಾನ ಮಾಡ್ಕೊಳ್ಳಿ," ಎಂದರು. ಸಮಾಧಾನವಂತೆ! ಮಾಡಬಹುದಾಗಿದ್ದುದನ್ನು ಮಾಡದೆ ಕೂತವರು ಹೇಳುವ ಮಾತೇ ಅದು? ತಪ್ಪಾಯಿತೆಂದು ಇಂದಿನವರೆಗೂ ಒಬ್ಬರೂ ಅಂದಿಲ್ಲ. ಯಂತ್ರ ಕೆಟ್ಟಿತ್ತು, ಅಷ್ಟೇ. ಯಂತ್ರವನ್ನು ಯಾರು ಹಿಡಿದು ಕೇಳುತ್ತಾರೆ?

ಅಕ್ಕನ ಗಾಯ ಮಾಗಿತು. ಆದರೆ ಎರಡು ಬೆರಳು ಅಂಟಿಕೊಂಡು ಬಿಡಿಸಲಾಗದಂತಾದವು. ಕತ್ತರಿ ಹಿಡಿಯಲು ಬರುವುದಿಲ್ಲ. ಈಗ ನನ್ನ ಹೆಂಡತಿ ಬಟ್ಟೆ ಕತ್ತರಿಸಿಕೊಡುತ್ತಾಳೆ. ಅಕ್ಕ ಎಡಗೈಯಲ್ಲಿ ಒತ್ತಿ ಹಿಡಿದು ಮಿಷನ್ ತುಳಿಯುತ್ತಾಳೆ. ಹೊಲಿಗೆ ಸೊಟ್ಟಗಾದರೆ ಬೈದುಕೊಂಡು ಬಿಚ್ಚಿ ಮತ್ತೆ ಹೊಲಿಯುತ್ತಾಳೆ.

ಸರ್ವರ್ ಈಗಲೂ ಆಗಾಗ ಹೋಗುತ್ತದೆ. ನಾಳೆ ಬನ್ನಿ ಎಂದರೆ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ. ಹಿಂದೆ ನಿಂತವರಿಗೂ ಕದಲಬೇಡಿ ಎನ್ನುತ್ತೇನೆ. ಬೈದುಕೊಂಡಾದರೂ ಡಾಕ್ಟರು ಬರುತ್ತಾರೆ, ಪೆನ್ನು ತೆಗೆಯುತ್ತಾರೆ, ಬರೆಯುತ್ತಾರೆ.