ಬಣ್ಣ ಮುಟ್ಟದ ಕೈ

೨೦೦೯ರಲ್ಲಿ ಒಂಬತ್ತನೇ ತರಗತಿಗೆ ಓದು ನಿಲ್ಲಿಸಿದ ನಾನು ಮುಂದೆ ರಾಯದುರ್ಗದ ಜೀನ್ಸ್ ಹೊಲಿಸಿ ಮಾರುವ ಸಾಹುಕಾರರೊಬ್ಬರ ಹೊಸ ಕಾರಿಗೆ ಡ್ರೈವರ್ ಆದೆ. ಪುಟ್ಟಿ ಮೆತ್ತದೆ, ಬಣ್ಣ ಬಳಿಯದೆ ಕಾರಿನ ಡೆಂಟ್ ತೆಗೆಯುವ ಒಬ್ಬ ಗ್ಯಾರೇಜಿನವನನ್ನು ಕಂಡದ್ದು ಆಗಲೇ. ಬಾಗಿಲಿನೊಳಗೆ ಉದ್ದನೆಯ ಸರಳು ತೂರಿಸಿ, ಹೊರಗಿನ ಹೊಳಪಿನಲ್ಲಿ ಮೂಡಿದ ಟ್ಯೂಬ್‌ಲೈಟಿನ ಗೆರೆಯನ್ನೇ ನೋಡುತ್ತ ಅವನು ಒಳಗಿನಿಂದ ಒತ್ತುತ್ತಿದ್ದ. ಗೆರೆ ನೆಟ್ಟಗಾದರೆ ತಗ್ಗು ಹೋಯಿತೆಂದು ಅರ್ಥ. ಯಾರು ಅವಸರ ಮಾಡಿದರೂ ‘ತಗಡಿಗೆ ಟೈಮ್ ಕೊಡ್ರಿ’ ಅನ್ನುತ್ತಿದ್ದ.

ಒಂದು ದಿನ, ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದ ಕಾರಿಗೆ ಯಾರದೋ ಬೈಕು ಬಡಿದು ಬಾಗಿಲು ತಗ್ಗಾಯಿತು. ಕಾರಿಗೆ ಪೆಟ್ಟಾದರೆ ಕೀ ಕೊಟ್ಟು ಮನೆಗೆ ನಡಿ ಎಂದು ಸಾಹುಕಾರರು ಮೊದಲೇ ಹೇಳಿದ್ದರು. ಸಂಜೆ ಅವರು ಮಡಕಶಿರಾಕ್ಕೆ ಹೊರಡುವವರಿದ್ದರು. ಅಷ್ಟರೊಳಗೆ ಸರಿಮಾಡಿಸಬೇಕೆಂದು ಕಾರನ್ನು ಆ ಗ್ಯಾರೇಜಿಗೆ ಒಯ್ದೆ. ಅವನು ಒತ್ತುತ್ತ ಹೋಗಿ, ಕೊನೆಗೆ ಸಾಸಿವೆಯಷ್ಟು ತಗ್ಗು ಉಳಿದಿರುವಾಗಲೇ ಸರಳು ಹೊರಗೆಳೆದ.

‘ಇನ್ನೊಂದ್ಸಲ ಒತ್ತಣ್ಣ, ನನ್ನ ಕೆಲಸ ಹೋಗತೈತಿ’ ಎಂದೆ.

‘ಒತ್ತಿದ್ರ ಬಣ್ಣ ಸೀಳತೈತ್ರಿ. ಆಮ್ಯಾಲ ನನ್ನ ಕೆಲಸಾನೂ ಹೋಗತೈತಿ.’

ಅಷ್ಟರಲ್ಲಿ ಸಾಹುಕಾರರೇ ನನ್ನನ್ನು ಹುಡುಕಿಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ಅವರ ಕೈ ಹಿಡಿದು ಆ ಜಾಗದ ಮೇಲಿಟ್ಟ.

‘ಬೈಕು ಬಡದೈತ್ರಿ. ನಿಮ್ಮ ಡ್ರೈವರ್ ಪುಟ್ಟಿ ಮೆತ್ತಿಸಿ ಮುಚ್ಚಿಡಬಹುದಿತ್ತು. ಕಂಪನಿ ಬಣ್ಣ ಉಳೀಲಿ ಅಂತ ಇಲ್ಲಿಗೆ ತಂದಾನ.’

ಸಾಹುಕಾರರು ಬಾಗಿಲನ್ನು ನಿಧಾನವಾಗಿ ಸವರಿದರು. ‘ನಡಿಯಪ್ಪ, ಹೊತ್ತಾತು’ ಎಂದು ಹತ್ತಿ ಕೂತರು.

ಈಗ ನನ್ನ ಹೆಸರಿನಲ್ಲಿ ಮೂರು ಬಾಡಿಗೆ ಕಾರುಗಳಿವೆ. ಮೂರಕ್ಕೂ ಇನ್ನೂ ಕಂಪನಿಯಿಂದ ಬಂದ ಬಣ್ಣವೇ ಇದೆ.