ಸಾವಕಾರರ ಹೆಂಚು, ನನ್ನ ಡಿಕ್ರಿ

ಮೊನ್ನೆ ಅಂಗಡಿಯಿಂದ ತಂದ ಬೆಲ್ಲದ ಪೊಟ್ಟಣ ಬಿಚ್ಚಿದೆ. ಬೆಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದನ್ನು ಕಟ್ಟಿದ ಹಳೆಯ ಪತ್ರಿಕೆಯ ತುಂಡು. ಯಾವುದೋ ಊರಿನ ಯಾರೋ ವ್ಯಾಪಾರಿ ದಿವಾಳಿ ತೆಗೆದಿದ್ದಾನೆಂದೂ, ಅವನಿಂದ ಬಾಕಿ ಬರಬೇಕಾದವರು ಕೋರ್ಟಿಗೆ ಅರ್ಜಿ ಕೊಡಬೇಕೆಂದೂ ಅದರಲ್ಲಿ ಅಚ್ಚಾಗಿತ್ತು. ಪಾಪ, ಎಷ್ಟು ಜನ ಅದನ್ನೋದಿ ಎದೆಯುಬ್ಬಿಸಿಕೊಂಡು ವಕೀಲರ ಮನೆ ಕಡೆ ನಡೆದರೋ! ಆ ಹುರುಪಿನ ಪರಿಚಯ ನನಗೆ ಚೆನ್ನಾಗಿದೆ. ಹೊಸ ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಚಹಾಕ್ಕೆ ಇಟ್ಟ ನೀರು ಮರೆತು ಅಲ್ಲೇ ಕೂತುಬಿಟ್ಟೆ.

ಮೊದಲು ನನ್ನ ವಿದ್ವತ್ತಿನ ವಿಷಯ ಹೇಳಬೇಕು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ತುಕ್ಕಾನಟ್ಟಿಯಲ್ಲಿ ಮ್ಯಾಟ್ರಿಕ್ ಪಾಸಾಗಿ ಹೊಲಕ್ಕಿಳಿದವನು ನಾನೊಬ್ಬನೇ. ನೌಕರಿ ಸಿಗದ್ದಕ್ಕೆ ಇಳಿದ ಎಂದು ಊರವರು ಹೇಳುತ್ತಿದ್ದರು, ಭೂಮಿತಾಯಿಯ ಸೇವೆಗೆ ಇಳಿದೆ ಎಂದು ನಾನು ಹೇಳುತ್ತಿದ್ದೆ. ಯಾರ ಮನೆಗೆ ಸರಕಾರಿ ಕಾಗದ ಬಂದರೂ ಓದಲು ನನ್ನನ್ನೇ ಕರೆಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಓದಿ, ಮೇಲೆ ನಾಲ್ಕು ಕಾಯಿದೆ ಹೇಳಿ ಬರುತ್ತಿದ್ದೆ. ಅದರಲ್ಲಿ ಎರಡು ನಾನೇ ಮಾಡಿದವಾಗಿರುತ್ತಿದ್ದವು.

ಅಕ್ಕ ಗಂಗವ್ವನನ್ನು ಹುಕ್ಕೇರಿ ಕಡೆಯ ಹತ್ತರಗಿಗೆ ಕೊಟ್ಟಿತ್ತು. ಗಂಡ ಬೇಗ ತೀರಿಕೊಂಡ. ಸಣ್ಣ ಮಗಳನ್ನು ಕಟ್ಟಿಕೊಂಡು ಮೈದುನರ ಮನೆಯಲ್ಲಿದ್ದಳು. ಆ ಮನೆಯಲ್ಲಿ ಮಗಳಿಗೆ ಎರಡನೆಯ ರೊಟ್ಟಿ ಹಾಕಬೇಕಾದರೂ ನೆಗೆಣ್ಣಿಯ ಮುಖ ನೋಡಬೇಕು. ಅಪ್ಪ ಸಾಯುವ ಮೊದಲು ಒಂದು ಎಕರೆ ಕಬ್ಬಿನ ಹೊಲ ಅವಳ ಹೆಸರಿಗೆ ಮಾಡಿದ್ದ, ಅದನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಅದರ ಬೆಲ್ಲದ ದುಡ್ಡು ಕೂಡಿಟ್ಟು ಅವಳು ಹತ್ತರಗಿಯ ಅಂಚಿನಲ್ಲಿ ಎರಡು ಕೋಣೆಯ ಮಣ್ಣಿನ ಗೋಡೆ ಎಬ್ಬಿಸಿದ್ದಳು. ಆ ವರ್ಷದ ಬೆಲ್ಲ ಮಾರಿದರೆ ಮೇಲೆ ಹೆಂಚು, ಮಳೆಗಾಲದೊಳಗೆ ತನ್ನ ಒಲೆ ತಾನು ಹಚ್ಚುವುದು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ನನ್ನ ಬೆಲ್ಲ, ಅವಳ ಬೆಲ್ಲ ಎರಡನ್ನೂ ಚಕ್ಕಡಿಯಲ್ಲಿ ಹೇರಿ ಮೂಡಲಗಿಯ ರುದ್ರಪ್ಪ ಸಾವಕಾರರ ಅಂಗಡಿಗೆ ಒಯ್ದೆ. ಆಗಿನ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಸಾವಕಾರರು ಹೆಗಲ ಮೇಲಿನ ವಸ್ತ್ರವನ್ನು ನಮ್ಮಿಬ್ಬರ ಕೈಮೇಲೆ ಹಾಸಿ, ಅದರ ಕೆಳಗೆ ನನ್ನ ಬೆರಳು ಹಿಡಿದು ಒತ್ತುವರು. ಎಷ್ಟು ಬೆರಳು, ಎಷ್ಟು ಸಲ ಎಂಬುದರ ಮೇಲೆ ದರ. ಬಾಜೂಕ್ಕೆ ನಿಂತವನಿಗೂ ತಿಳಿಯಬಾರದು. ನಾನು ಬಹಳ ಗಂಭೀರವಾಗಿ ನಾಲ್ಕು ಸಲ ತಲೆಯಾಡಿಸಿ, ಐದನೆಯ ಸಲಕ್ಕೆ ಒಪ್ಪಿದೆ. ದುಡ್ಡು ಹದಿನೈದು ದಿನ ಬಿಟ್ಟು ಎಂದರು. ಹದಿನೈದು ದಿನ ಬಿಟ್ಟು ಹೋದರೆ ಅಂಗಡಿಗೆ ಬೀಗ. ಮುಂಬಯಿಗೆ ಕಳಿಸಿದ ಮಾಲಿನ ದುಡ್ಡು ಮುಳುಗಿ ಸಾವಕಾರರೂ ಮುಳುಗಿದ್ದರು.

ಮನೆಗೇ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಒಳಗಿನಿಂದ ನೀರು ತಂದ ಅವರ ಹೆಂಡತಿಯ ಕಿವಿಯಲ್ಲಿ ಬೆಂಡೋಲೆ ಕೂಡ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು:

“ರೊಕ್ಕ ಒಂದ ಪೈ ಇಲ್ರಿ. ಗೋದಾಮಿನ ಮ್ಯಾಲ ಮಂಗಳೂರ ಹೆಂಚ ಅದಾವ. ಅಕ್ಕಾರು ಗೋಡಿ ಎಬ್ಬಿಸ್ಯಾರಂತ ಕೇಳೇನಿ. ನಾಳಿಗೆ ಚಕ್ಕಡಿ ಹೊಡಕೊಂಡ ಬರ್ರಿ, ಇಳಿಸ್ಕೊಂಡ ಹೋಗ್ರಿ.”

ಅಕ್ಕ ಆಗ ತುಕ್ಕಾನಟ್ಟಿಗೇ ಬಂದಿದ್ದಳು. ಸುದ್ದಿ ಕೇಳಿದ್ದೇ ಎದ್ದು ನಿಂತಳು. ರೊಕ್ಕ ಬಂದರೂ ತರುವುದು ಹೆಂಚನ್ನೇ, ಇನ್ನೇನು ವಿಚಾರ, ಎತ್ತು ಹೂಡು ಅಂದಳು. ಮ್ಯಾಟ್ರಿಕ್ ಪಾಸಾದವನು ಅಷ್ಟು ಸುಲಭಕ್ಕೆ ಎತ್ತು ಹೂಡುತ್ತಾನೆಯೇ? ಬೆಲ್ಲ ಕೊಟ್ಟು ಹಳೆ ಹೆಂಚು ತಂದ ಎಂದು ಊರು ನಗುವುದಿಲ್ಲವೇ? ದಾವೆ ಹೂಡಿದರೆ ಅಸಲು, ಬಡ್ಡಿ, ಖರ್ಚು ಮೂರೂ ಬರುತ್ತವೆಂದು ಅವಳಿಗೆ ಒಂದು ತಾಸು ತಿಳಿಸಿ ಹೇಳಿದೆ. ಓದಿದ ತಮ್ಮ ಹೇಳುತ್ತಾನೆಂದು ಅವಳು ಸುಮ್ಮನಾದಳು.

ಗೋಕಾಕದ ವಕೀಲರು ನನ್ನ ಕಾಗದ ನೋಡಿ, ಇಂಥ ಗಟ್ಟಿ ಕೇಸು ತಾವು ಕಂಡೇ ಇಲ್ಲವೆಂದರು. ಬಾಜೂದ ಬೆಂಚಿನವನಿಗೂ ಅವರು ಹಾಗೇ ಹೇಳಿದ್ದು ನನಗೆ ಕೇಳಿಸಿತ್ತು, ಆದರೆ ಅವನಿಗೆ ಸುಳ್ಳು ಹೇಳಿದ್ದಾರೆ ಅಂದುಕೊಂಡೆ. ಅಲ್ಲಿಂದ ಶುರುವಾಯಿತು ನೋಡಿ ತಾರೀಖಿನ ಯಾತ್ರೆ. ಒಂದು ಸಲ ನ್ಯಾಯಾಧೀಶರು ರಜೆ, ಒಂದು ಸಲ ಎದುರಿನ ವಕೀಲರಿಗೆ ನೆಗಡಿ, ಒಂದು ಸಲ ಕಾರಕೂನನಿಗೆ ಫೈಲು ಸಿಗಲಿಲ್ಲ. ನಾನು ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಕೀಲರ ಮಕ್ಕಳಿಗೆ ಕರದಂಟಿನ ಪೊಟ್ಟಣ ಹಿಡಿದು, ತಪ್ಪದೆ ಹಾಜರು. ಮುಂದಿನ ವರ್ಷಗಳ ಬೆಲ್ಲದ ದುಡ್ಡು, ನನ್ನದೂ ಅಕ್ಕನದೂ, ಈ ಖರ್ಚಿಗೇ ಹೋಯಿತು. ಈ ನಡುವೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಇಡೀ ಜಿಲ್ಲೆ ಅತ್ತಿಂದಿತ್ತ ಸರಿಯಿತು, ನನ್ನ ಕೇಸು ಇದ್ದಲ್ಲಿಂದ ಸರಿಯಲಿಲ್ಲ.

ಕೇಸು ಸಿಕ್ಕಿಬಿದ್ದದ್ದು ಆ ವಸ್ತ್ರದ ಕೆಳಗೇ. ದರ ಎಷ್ಟೆಂದು ಕುದುರಿತ್ತು, ಯಾರೆದುರು ಕುದುರಿತ್ತು, ಸಾಕ್ಷಿ ಯಾರು ಎಂದು ಎದುರಿನ ವಕೀಲರು ಕೇಳಿದರು. ವಸ್ತ್ರದ ಕೆಳಗೆ ಆದದ್ದಕ್ಕೆ ಯಾರನ್ನು ಸಾಕ್ಷಿ ತರಲಿ? ಯಾರಿಗೂ ಕಾಣಬಾರದೆಂದೇ ಅಲ್ಲವೇ ಆ ವಸ್ತ್ರ ಹಾಸುವುದು? ಹೊರ ಸೀಮೆಯಿಂದ ಬಂದಿದ್ದ ನ್ಯಾಯಾಧೀಶರು ಕನ್ನಡಕ ತೆಗೆದು, ಮಾಡಿ ತೋರಿಸು ಎಂದರು. ನಾನು ಹೆಸರು ಕೂಗುವ ಪಟ್ಟೇವಾಲನ ಕೈ ಹಿಡಿಯಲು ಹೋದೆ, ಅವನು ಗಾಬರಿಯಾಗಿ ಹಿಂದೆ ಸರಿದ. ಕೋರ್ಟಿಗೆ ಕೋರ್ಟೇ ನಕ್ಕಿತು. ಆ ಬೆರಳುಗಳ ಲೆಕ್ಕದಲ್ಲೇ ಒಂದು ವರ್ಷ ಹೋಯಿತು.

ಕಡೆಗೆ ಸಾವಕಾರರನ್ನೇ ಕಟಕಟೆಗೆ ಕರೆದರು. ಮಾಸಿದ ಧೋತರ, ಬರಿಗಾಲು. ದರದ ಮಾತು ಕೇಳಿದ್ದೇ ತಡ, ಕೈ ಮುಗಿದರು.

“ಅವರು ಹೇಳಿದ ದರ ಖರೆ ಐತ್ರಿ ಸಾಹೇಬ್ರ. ನಾ ಎಂದೂ ಇಲ್ಲ ಅಂದಿಲ್ಲ. ಇಲ್ಲ ಅಂದಾವ್ರು ನಮ್ಮ ವಕೀಲರು.”

ಮೂರು ವರ್ಷದ ಕೇಸು ಒಂದು ನಿಮಿಷಕ್ಕೆ ಮುಗಿಯಿತು. ಅಸಲು, ಬಡ್ಡಿ, ಖರ್ಚು, ನಾನು ಹೇಳಿದ ಮೂರೂ ಸೇರಿ ಡಿಕ್ರಿಯಾಯಿತು. ಊರಲ್ಲಿ ಪೇಢೆ ಹಂಚಿದೆ. ಅಷ್ಟರಲ್ಲಿ ಸಾವಕಾರರ ಆಸ್ತಿಯನ್ನೆಲ್ಲ ದಿವಾಳಿ ಕಾಯಿದೆಯ ಪ್ರಕಾರ ಹರಾಜು ಹಾಕಿ, ಬಾಕಿ ಬರಬೇಕಾದವರಿಗೆಲ್ಲ ಹಂಚಲು ಇಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ಹಂಚಿದ ಪೇಢೆಯ ಖರ್ಚಿಗೂ ಸಾಲಲಿಲ್ಲ.

ಉಳಿದ ಫೀ ಕೊಡಲು ವಕೀಲರ ಮನೆಗೆ ಹೋದೆ. ಹೊಸ ಪಡಸಾಲೆ ಕಟ್ಟಿಸಿದ್ದರು. ಕೂತು ಮೇಲೆ ನೋಡಿದೆ. ಹೆಂಚು ಚೆನ್ನಾಗಿವೆ ಅಂದೆ. ಮೂಡಲಗಿಯ ಒಂದು ಗೋದಾಮಿನ ಹರಾಜಿನಲ್ಲಿ ಭಾಳ ಅಗ್ಗಕ್ಕೆ ಸಿಕ್ಕವೆಂದು ಅವರು ಸಂತೋಷದಿಂದ ಹೇಳಿದರು. ನಾನು ಫೀ ಎಣಿಸಿ ಕೊಟ್ಟು ನಮಸ್ಕಾರ ಮಾಡಿ ಬಂದೆ. ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು.

ಮರುದಿನ ಹತ್ತರಗಿಗೆ ಹೋದೆ. ಮೂರು ಮಳೆಗಾಲಕ್ಕೆ ಅಕ್ಕನ ಗೋಡೆ ಅರ್ಧ ಕರಗಿ ಹೋಗಿತ್ತೆಂದು ಕೇಳಿದ್ದೆ, ನೋಡಲು ಹೋಗುವ ಧೈರ್ಯ ಆಗಿರಲಿಲ್ಲ. ಹೋಗಿ ನೋಡಿದರೆ ಗೋಡೆ ಮತ್ತೆ ಎದ್ದಿದ್ದವು, ಮೇಲೆ ಕಬ್ಬಿನ ಒಣಗಿದ ಗರಿ, ರವದಿಯ ಚಪ್ಪರ, ಒಳಗೆ ಒಲೆ ಉರಿಯುತ್ತಿತ್ತು. ಕಂಡವರ ಹೊಲದಲ್ಲಿ ಕೂಲಿ ಮಾಡಿ, ಮಗಳೂ ತಾನೂ ಮಣ್ಣು ತುಳಿದು ಕಟ್ಟಿಕೊಂಡಿದ್ದಳು. ನನಗೆ ಹೇಳಿಯೂ ಇರಲಿಲ್ಲ. ವಕೀಲರ ಪಡಸಾಲೆಯ ಸಂಗತಿ ಹೇಳಿದೆ. ಅವಳು ಚಹಾದ ಬಟ್ಟಲು ನನ್ನ ಮುಂದೆ ಸರಿಸಿದಳು.

“ಬಿಡು ತಮ್ಮಾ. ನನಗ ಸೂರ ಬೇಕಾಗಿತ್ತು, ನಿನಗ ಗೆಲ್ಲೂದು ಬೇಕಾಗಿತ್ತು. ನಿಂದು ನಿನಗ ಸಿಕ್ಕೈತಿ, ನಂದು ನಾ ಮಾಡ್ಕೊಂಡೇನಿ. ಚಾ ಆರತೈತಿ, ಕುಡಿ.”

ಅವಳು ಹೋಗಿ ಬಹಳ ವರ್ಷವಾಯಿತು. ಆ ಕೋಣೆಗಳನ್ನು ದೊಡ್ಡದು ಮಾಡಿಕೊಂಡು ಮಗಳು ಅಲ್ಲೇ ಇದ್ದಾಳೆ. ಅವ್ವನನ್ನು ಮೂರು ವರ್ಷ ಮಂದಿಯ ಮನೆಯಲ್ಲಿ ಕೊಳೆಸಿದವನು ಎಂದು ಅವಳು ಇಂದಿಗೂ ರುದ್ರಪ್ಪ ಸಾವಕಾರರನ್ನು ಶಪಿಸುತ್ತಾಳೆ. ಅಕ್ಕ ಅವಳಿಗೆ ಹೆಂಚಿನ ಮಾತು ಹೇಳಿಯೇ ಇಲ್ಲ, ತಮ್ಮನ ಮರ್ಯಾದೆ ಕಾಯ್ದುಬಿಟ್ಟಳು. ನಾನೂ ಎಷ್ಟೋ ಸಲ ಅವಳ ಮನೆಯಲ್ಲಿ ಊಟ ಮಾಡುತ್ತ, ಹೌದವ್ವಾ, ಅವನು ಭಾಳ ಕೆಟ್ಟವ ಎಂದು ತಲೆಯಾಡಿಸಿದ್ದೇನೆ. ಈ ಕತೆಯನ್ನು ಎಲ್ಲಿ ಹೇಳಿದರೂ ಡಿಕ್ರಿಗೆ ತಂದು ನಿಲ್ಲಿಸುವುದು ನನ್ನ ರೂಢಿ. ಇವತ್ತು ನಿಮ್ಮೆದುರು ಪೂರಾ ಹೇಳಿ ಮುಗಿಸಿದೆ.

ಸೋಮವಾರ ಹತ್ತರಗಿಗೆ ಹೋಗುತ್ತೇನೆ. ಆ ಸಾವಕಾರ ಹೆಂಚು ಒಯ್ಯಿರಿ ಅಂದಿದ್ದ, ಬೇಡ ಅಂದವನು ನಿನ್ನ ಮಾವ ಎಂದು ಅವಳಿಗೆ ಹೇಳಬೇಕು. ಊಟಕ್ಕೆ ಕೂಡುವ ಮೊದಲೇ ಹೇಳಬೇಕು.