ಸಂದೇಹ ಬಂದರೆ ನಿಲ್ಲಿಸುವ ತೇನ್‌ಮೊಳಿ

ಉಗಿಯಂತ್ರದ ದಪ್ಪ ಬಾಗಿಲು ತೆರೆಯುತ್ತಲೇ ತೇನ್‌ಮೊಳಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಿಸಿ ಗಾಳಿ ಮುಖಕ್ಕೆ ರಾಚುತ್ತದೆ. ಅದು ತಣಿಯುವವರೆಗೆ ಕಾದು, ಹಸಿರು ಬಟ್ಟೆಯಲ್ಲಿ ಸುತ್ತಿದ ಗಂಟುಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಾರೆ. ಪ್ರತಿ ಗಂಟಿನ ಮೇಲೂ ಒಂದು ಅಂಟುಪಟ್ಟಿ ಇದೆ. ಒಳಗೆ ಹೋಗುವಾಗ ಅದರ ಗೆರೆಗಳು ಬಿಳಿಚಿಕೊಂಡಿರುತ್ತವೆ. ಉಗಿ ಸರಿಯಾಗಿ ತಾಗಿದ್ದರೆ ಕಪ್ಪಾಗಿ ಬರುತ್ತವೆ. ಅವರು ಗಂಟನ್ನು ದೀಪದ ಕೆಳಗೆ ಹಿಡಿದು ಗೆರೆ ನೋಡುತ್ತಾರೆ, ಬಟ್ಟೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ, ಆಮೇಲೆ ಕಪಾಟಿನಲ್ಲಿ ಇಡುತ್ತಾರೆ. ಮೇಲೆ ತೇನಿ ಪಟ್ಟಣಕ್ಕೆ ಆಗತಾನೇ ಬೆಳಗಾಗುತ್ತಿದೆ. ಈ ನೆಲಮಾಳಿಗೆಗೆ ಕಿಟಕಿಯಿಲ್ಲ.

ತಮಿಳುನಾಡಿನ ಈ ಟ್ರಸ್ಟ್ ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಶಸ್ತ್ರಚಿಕಿತ್ಸೆ ನಡೆಯುತ್ತವೆ. ಬಳಸಿದ ಕತ್ತರಿ, ಇಕ್ಕಳ, ಸುತ್ತಿಗೆಗಳೆಲ್ಲ ಮುಚ್ಚಿದ ತೊಟ್ಟಿಯಲ್ಲಿ ಲಿಫ್ಟ್ ಇಳಿದು ತೇನ್‌ಮೊಳಿಯವರ ಬಳಿ ಬರುತ್ತವೆ. ನೆನೆಸಿ, ಕೀಲುಗಳ ಸಂದಿಗೆ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಜೋಡಿಸಿ, ಗಂಟು ಕಟ್ಟಿ, ರೋಗಾಣು ಸಾಯಲೆಂದು ಉಗಿಗೆ ಇಡುವುದು ಅವರ ಕೆಲಸ. ಇಲ್ಲಿ ಒಂದು ತಪ್ಪಿದರೆ ಮೇಲೆ ಯಾರದೋ ಗಾಯದಲ್ಲಿ ಕೀವು ತುಂಬುತ್ತದೆ.

“ಕಾಯಿಲೆಯವ್ರ ಮೊಗ ನಾ ನೋಡಾಕಿಲ್ಲ, ಅವ್ರೂ ನನ್ ಮೊಗ ನೋಡಾಕಿಲ್ಲ,” ಎನ್ನುತ್ತಾರೆ. ಹೇಳುವಾಗಲೂ ಬ್ರಷ್ ನಿಲ್ಲುವುದಿಲ್ಲ.

ತೇನ್‌ಮೊಳಿಯವರ ಊರು ಬೆಟ್ಟದ ಬುಡದ ತೇವಾರಂ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಮದುವೆಯಾದ ಹೊಸತರಲ್ಲಿ ಬೋಡಿ ಪಟ್ಟಣದ ಗೋದಾಮಿನಲ್ಲಿ ಏಲಕ್ಕಿ ಆರಿಸುತ್ತಿದ್ದರು. ಅಲ್ಲಿ ಹತ್ತಾರು ಹೆಂಗಸರು, ಇಡೀ ದಿನ ಮಾತು, ನಗು. ಗೋದಾಮು ಮುಚ್ಚಿದ ಮೇಲೆ ಆಸ್ಪತ್ರೆಗೆ ಸೇರಿದರು. ಈ ಕೆಲಸ ಕಲಿಸಿದ ಪೊನ್ನಮ್ಮಾಳ್ ನಿವೃತ್ತರಾದರು. ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ.

ತಮಿಳು ಮನೆಮಾತಿನ ಗಂಡ ತರಕಾರಿ ಲಾರಿ ಓಡಿಸುತ್ತಾ ಘಟ್ಟ ದಾಟಿ ಕೇರಳಕ್ಕೆ ಹೋಗುತ್ತಾರೆ, ಮನೆಯಲ್ಲಿರುವುದು ಅಪರೂಪ. ಮಗಳು ಅಭಿರಾಮಿ ದಿಂಡಿಗಲ್ಲಿನ ನೂಲಿನ ಗಿರಣಿಯ ಆಫೀಸಿನಲ್ಲಿದ್ದಾಳೆ. ಫೋನಿನಲ್ಲಿ ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ತಮಿಳಿನ ಉತ್ತರ. “ಅವ್ಳಿಗೆ ಎಲ್ಲಾ ಪುರಿಯುತ್ತೆ, ಅರ್ತ ಆಗ್ತದೆ, ಬಾಯ್ಗೆ ಮಾತ್ರ ಬರಾಕಿಲ್ಲ,” ಎಂದು ನಗುತ್ತಾರೆ.

ಇವರ ಬದುಕು ಬದಲಾದದ್ದು ಹಿಂದಿನ ಐಪ್ಪಸಿ, ಅಂದರೆ ದೀಪಾವಳಿ ತಿಂಗಳ ಜಡಿಮಳೆಯಲ್ಲಿ. ಕಂಬಂ ಕಡೆಯ ರಾಮಸಾಮಿ ಎಂಬ ರೈತ ದ್ರಾಕ್ಷಿ ಚಪ್ಪರದ ಕಂಬದಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡಿದ್ದರು. ಮಾರನೆಯ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಎಂದು ರಾತ್ರಿಯಿಂದ ಅನ್ನ ನೀರು ಕೊಟ್ಟಿರಲಿಲ್ಲ. ಎಲುಬಿನ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಗಂಟು ಯಂತ್ರದಿಂದ ಹೊರಬಂದಾಗ ತೇನ್‌ಮೊಳಿ ದೀಪದ ಕೆಳಗೆ ಹಿಡಿದರು. ಗೆರೆಗಳು ಕಪ್ಪಾಗಿರಲಿಲ್ಲ. ಬಿಳಿಯೂ ಅಲ್ಲ, ಟೀ ಚೆಲ್ಲಿದ ಹಾಗೆ ಕಂದು.

ಮೇಲಕ್ಕೆ ಫೋನ್ ಮಾಡಿ, ಕೊಡಲು ಆಗುವುದಿಲ್ಲ ಎಂದರು. ಎಲುಬಿನ ಡಾಕ್ಟರು ಸ್ವತಃ ಇಳಿದು ಬಂದರು. ಯಂತ್ರದ ಗಡಿಯಾರ, ಶಾಖಮಾಪಕ ಎಲ್ಲ ಸರಿಯಾಗಿಯೇ ತೋರಿಸುತ್ತಿದ್ದವು. “ನಿನಗೆ ಖಚಿತವೇ?” ಎಂದು ತಮಿಳಿನಲ್ಲಿ ಕೇಳಿದರು. “ಇಲ್ಲ ಸಾರ್, ಸಂದೇಗಂ,” ಎಂದರು ಇವರು. ಸಂದೇಹ ಅಷ್ಟೇ. ಡಾಕ್ಟರು ಸಿಟ್ಟಿನಿಂದಲೇ ಶಸ್ತ್ರಚಿಕಿತ್ಸೆಯನ್ನು ಮರುದಿನಕ್ಕೆ ಮುಂದೂಡಿದರು.

ಸ್ವಲ್ಪ ಹೊತ್ತಿಗೆ ರಾಮಸಾಮಿಯವರ ಹೆಂಡತಿ ಪೊನ್ನುತಾಯಿ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದರು. ತಡ ಏಕೆಂದು ಮೊದಲು ತಮಿಳಿನಲ್ಲಿ ಕೇಳಿದರು. ಸಿಟ್ಟು ನೆತ್ತಿಗೇರಿದಾಗ ಮನೆಮಾತು ಕನ್ನಡವೇ ಹೊರಬಿತ್ತು: “ನಿನ್ ಕೈಗೇನ್ ಕೇಡು ಬಂತು? ನನ್ ಗಂಡ ಒಂದ್ ಗುಕ್ಕು ನೀರಿಲ್ದೆ ನರಳ್ತಾ ಅವ್ನೆ. ನೀ ಇಲ್ಲಿ ಬಟ್ಟೆ ಮ್ಯಾಲಿನ ಗೀಟು ನೋಡ್ತಾ ಕುಂತಿದ್ದೀಯಾ?”

ಇದನ್ನು ಹೇಳುವಾಗ ತೇನ್‌ಮೊಳಿಯವರ ಕೈ ಮೊದಲ ಬಾರಿಗೆ ನಿಲ್ಲುತ್ತದೆ. “ತಮಿಳಲ್ಲಿ ಬೈದಿದ್ರೆ ಮರ್ತೋಗ್ತಿತ್ತು. ನಮ್ಮವ್ವ ಹೋದ್ ಮ್ಯಾಲೆ ಈ ಮಾತ್ನ ನಂತಾವ ಯಾರೂ ಆಡಿರ್ಲಿಲ್ಲ. ಆಡ್ದೋಳು ಬಯ್ಯಾಕ್ ಬಂದೋಳು.”

ಸಂಜೆ ಮಧುರೆಯಿಂದ ಮೆಕಾನಿಕ್ ಬಂದು ಯಂತ್ರವನ್ನೆಲ್ಲ ಬಿಚ್ಚಿ ನೋಡಿದ. ಏನೂ ಕೆಟ್ಟಿರಲಿಲ್ಲ. ಮಳೆಯ ಶೀತ ಹಿಡಿದು ಅಂಟುಪಟ್ಟಿಗಳ ಪೆಟ್ಟಿಗೆಯೇ ಹಾಳಾಗಿತ್ತು. ಆ ಗಂಟಿಗೆ ಉಗಿ ಚೆನ್ನಾಗಿಯೇ ತಾಗಿತ್ತು. ತೇನ್‌ಮೊಳಿ ತಪ್ಪಾಗಿದ್ದರು.

ಮರುದಿನದಿಂದ ಅವರಿಗೆ ‘ಸಂದೇಗಕ್ಕಾ’ ಎಂಬ ಹೆಸರು ಬಿತ್ತು. ಆಪರೇಷನ್ ಥಿಯೇಟರ್ ಹುಡುಗರು ತೊಟ್ಟಿ ಇಟ್ಟು, “ಸಂದೇಗಂ ಇಲ್ಲೈಯಾ ಅಕ್ಕಾ?” ಎಂದು ಕೇಳಿ ನಗುತ್ತಾ ಹೋಗುವರು. ಕ್ಯಾಂಟೀನಿನಲ್ಲಿ ಇವರು ಹೋಗಿ ಕುಳಿತರೆ ಮಾತು ನಿಲ್ಲುತ್ತಿತ್ತು. ಕೊನೆಗೆ ಬುತ್ತಿಯನ್ನು ಕೆಳಗೇ ಬಿಚ್ಚತೊಡಗಿದರು. ಈಗಲೂ ಹಾಗೇ.

ರಾಮಸಾಮಿ ಮನೆಗೆ ಹೊರಡುವ ಹಿಂದಿನ ದಿನ ಅವರು ವಾರ್ಡಿಗೆ ಹೋದರು. ಅಷ್ಟು ವರ್ಷಗಳಲ್ಲಿ ರೋಗಿಯನ್ನು ನೋಡಲೆಂದು ಮೆಟ್ಟಿಲು ಹತ್ತಿದ್ದು ಅದೊಂದೇ ಸಲ. ಪೊನ್ನುತಾಯಿ ಗಂಜಿ ತರಲು ಹೋಗಿದ್ದರು. ಮಂಚದ ಕಾಲಬಳಿ ನಿಂತು, “ಅಣ್ಣಾ, ನಿಮ್ ಆಪ್ರೇಸನ್ ತಡ ಆದದ್ದು ನನ್ನಿಂದ,” ಎಂದರು.

ರಾಮಸಾಮಿ ಅವರನ್ನೇ ನೋಡಿದರು. “ನಮ್ಮ ಮಾತು ಆಡ್ತೀಯಲ್ಲ ತಂಗಿ, ಯಾವೂರು?”

“ತೇವಾರಂ.”

“ಆಗ್ಲಿ ಬುಡು. ಕಾಲು ಕೂಡ್ಕೋತಾ ಐತೆ. ಕೂತ್ಕೋ.”

ಕೂರುವಷ್ಟರಲ್ಲಿ ಪೊನ್ನುತಾಯಿ ಬಂದರು. ಗುರುತು ಹಿಡಿದರು. ಬೆನ್ನು ತಿರುಗಿಸಿ ಲೋಟಕ್ಕೆ ಗಂಜಿ ಬಗ್ಗಿಸತೊಡಗಿದರು. ತೇನ್‌ಮೊಳಿ ಕೆಳಗಿಳಿದು ಬಂದರು.

ಆ ದಿನಗಳಲ್ಲಿ ಅವರನ್ನು ಹುಡುಕಿಕೊಂಡು ಬಂದವರು ಒಬ್ಬರೇ, ರೋಗಿಗಳ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನಿವೇತಾ. “ನಾಳೆಯೂ ಗೆರೆ ಹಾಗೇ ಬಂದರೆ ಏನು ಮಾಡುತ್ತೀರಿ ಅಕ್ಕಾ?” ಎಂದು ಕೇಳಿದರಂತೆ. ಇವರು ಇಕ್ಕಳ ಉಜ್ಜುತ್ತಲೇ ಇದ್ದರು. “ನಿಲ್ಲಿಸಿ. ತಪ್ಪಾದರೂ ಪರವಾಗಿಲ್ಲ, ನನ್ನ ಹೆಸರು ಹೇಳಿ,” ಎಂದರು ನಿವೇತಾ. ಎರಡು ತಿಂಗಳಲ್ಲಿ ನಿವೇತಾಗೆ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿತು. ಹೇಳಿಕೊಳ್ಳಲು ಆ ಹೆಸರೂ ಉಳಿಯಲಿಲ್ಲ.

ಪೊಂಗಲ್ ಕಳೆದ ಮೇಲೆ ಒಂದು ಬೆಳಿಗ್ಗೆ ಗೆರೆಗಳು ಮತ್ತೆ ಕಂದಾಗಿ ಬಂದವು. ಪಟ್ಟಿಗಳು ಹೊಸವು, ಮಳೆಯೂ ಇಲ್ಲ. ಮೇಲೆ ರೋಗಿಗಳು ಸಾಲಾಗಿ ಕಾಯುತ್ತಿದ್ದರು.

“ಫೋನು ತಕ್ಕೊಂಡೆ, ಮಡಗ್ದೆ. ಆ ಹೆಂಗ್ಸು ಬಾಗ್ಲಾಗೆ ನಿಂತಂಗೇ ಆಯ್ತು. ಸುಮ್ಕೆ ಕೊಟ್ಬುಟ್ರೆ ಯಾರ್ಗೆ ತಿಳೀತದೆ? ಗಾಯ ಕೆಟ್ರೂ ನನ್ತಾವ ಯಾರೂ ಬಂದು ಕೇಳಾಕಿಲ್ಲ. ಆಮ್ಯಾಕೆ ತಿರ್ಗ ತಕ್ಕೊಂಡೆ.”

ಕೊಡಲಾಗುವುದಿಲ್ಲ ಎಂದರು. ಆ ಕಡೆಯಿಂದ ಎಲುಬಿನ ಡಾಕ್ಟರು “ಸರಿ,” ಎಂದು ಫೋನ್ ಇಟ್ಟರು. ಬೆಳಗಿನ ಶಸ್ತ್ರಚಿಕಿತ್ಸೆಗಳೆಲ್ಲ ಮಧ್ಯಾಹ್ನಕ್ಕೆ ಹೋದವು. ಮೆಕಾನಿಕ್ ಬಂದು ಬಾಗಿಲಿನ ಸುತ್ತಲಿನ ರಬ್ಬರ್ ಹರಿದಿರುವುದನ್ನು ತೋರಿಸಿದ. ಉಗಿ ಸೋರುತ್ತಿತ್ತು. ಗಂಟುಗಳ ಒಳಗೆ ತಲುಪೇ ಇರಲಿಲ್ಲ.

ಅಂದು ಮಂಚದ ಮೇಲೆ ಮಲಗಿ ಕಾದವರು ಯಾರು, ಯಾವೂರವರು, ತೇನ್‌ಮೊಳಿಗೆ ಗೊತ್ತಿಲ್ಲ. ಅವರಿಗೂ ಇವರು ಗೊತ್ತಿಲ್ಲ. ತಡವಾಯಿತೆಂದು ಗೊಣಗಿಕೊಂಡೇ ಗಾಯ ಮಾಯಿಸಿಕೊಂಡು ಮನೆಗೆ ಹೋಗಿರುತ್ತಾರೆ. ಯಾರೂ ಬಂದು ಬೈಯಲಿಲ್ಲ, ಯಾರೂ ಬಂದು ಮೆಚ್ಚಲೂ ಇಲ್ಲ. ಹುಡುಗರು ಈಗಲೂ ಸಂದೇಗಕ್ಕಾ ಎಂದೇ ಕರೆಯುತ್ತಾರೆ.

ನೀವು ಕೇಳಿದ್ದನ್ನು ಆಸ್ಪತ್ರೆಯವರು ಕೊಡುವುದಾದರೆ ಏನು ಕೇಳುತ್ತೀರಿ ಎಂದು ನಾನು ಕೇಳಿದೆ. ಸಂಬಳ ಎನ್ನಬಹುದು, ಕಿಟಕಿ ಎನ್ನಬಹುದು ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಗಂಟನ್ನು ಕಪಾಟಿನಲ್ಲಿ ಇಟ್ಟರು.

“ಇನ್ನೊಬ್ಳನ್ನ ಕೊಡ್ಲಿ. ಕೆಲ್ಸ ಮಾಡಾಕಲ್ಲ, ವೇಲೆ ನಾನೇ ಮಾಡ್ತೀನಿ. ಗೀಟು ನೋಡಿ ಸಂದೇಗ ಬಂದಾಗ, ಪಕ್ಕದಾಗೆ ನಿಂತು, ‘ನಂಗೂ ಹಂಗೇ ಕಾಣ್ತದೆ ಅಕ್ಕಾ’ ಅನ್ನಾಕೆ.”